ಸುರೇಖಾಳ ಕಾರ್ಡು ಹೋದ ದಾರಿ

ಐದೂವರೆಗೆ ಎದ್ದೆ. ನಳ ಬಂದಿತ್ತು, ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿಸಿದೆ. ಅತ್ತೆಯವರಿಗೆ ಬಿ.ಪಿ. ಗುಳಿಗೆ ಕೊಟ್ಟು, ನುಂಗಿದರೋ ದವಡೆಯಲ್ಲಿ ಇಟ್ಟುಕೊಂಡರೋ ಎಂದು ಬಾಯಿ ತೆರೆಸಿ ನೋಡಿದೆ. ಹನ್ನೊಂದು ರೊಟ್ಟಿ ಬಡಿದೆ. ಗಾಂಧಿ ಗಂಜ್ ಪೇಟೆಯ ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರಿಗೆ ಡಬ್ಬಿ ಕಟ್ಟಿದೆ. ಹಿತ್ತಲಲ್ಲಿ ಒಣಗಲು ಹಾಕಿದ್ದ ಮೂರು ಸೀರೆ ಮಡಚಿದೆ. ಕಚೇರಿಯ ಫೋನನ್ನು ಚಾರ್ಜಿನಿಂದ ಬಿಡಿಸಿ ಚೀಲದಲ್ಲಿ ಹಾಕಿಕೊಂಡು ಎಂಟೂಕಾಲಿಗೆ ಬೀದರ ಬಸ್ ನಿಲ್ದಾಣಕ್ಕೆ ಬಂದೆ. ಆ ಗುರುವಾರದ ದಿನಚರಿಯಲ್ಲಿ ಇಷ್ಟು ನನ್ನ ದುಂಡಗಿನ ಅಕ್ಷರದಲ್ಲಿದೆ. ಅದರ ಕೆಳಗಿನದೆಲ್ಲ ಓಡುವ ಬಸ್ಸಿನಲ್ಲಿ ಬರೆದದ್ದು, ಸೊಟ್ಟಗಿದೆ.

ಕೊರೊನಾ ಮುಗಿದ ಎರಡನೆಯ ವರ್ಷ ಅದು. ಎಳ್ಳಮಾಸೆ ಹಬ್ಬ ಕಳೆದು ಒಂದು ವಾರವಾಗಿತ್ತು. ಬಸುರಿಯರ ಮತ್ತು ಎಳೆಗೂಸುಗಳ ಆಹಾರ, ಆರೋಗ್ಯ ನೋಡಿಕೊಳ್ಳುವ ಒಂದು ಸಣ್ಣ ಖಾಸಗಿ ಸಂಸ್ಥೆಯಲ್ಲಿ ನಾನು ಕ್ಷೇತ್ರ ಮೇಲ್ವಿಚಾರಕಿ. ಭಾಲ್ಕಿ ಮತ್ತು ಔರಾದ ತಾಲೂಕುಗಳ ಇಪ್ಪತ್ತೆರಡು ಕಾರ್ಯಕರ್ತೆಯರು ನನ್ನ ಕೈಕೆಳಗೆ. ಹದಿನೈದು ದಿನಕ್ಕೊಮ್ಮೆ ಅವರು ತಮ್ಮ ಕೇಂದ್ರದಲ್ಲಿ ಬಸುರಿಯರ ತೂಕ ಮಾಡುತ್ತಾರೆ, ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಾರೆ, ಕಬ್ಬಿಣದ ಗುಳಿಗೆ ಎಷ್ಟು ಉಳಿದಿವೆ ಎಂದು ಎಣಿಸುತ್ತಾರೆ. ಅವರು ತೂಕವನ್ನು ಖರೇ ತೂಗಿದರೋ ಮನೆಯಲ್ಲೇ ಕೂತು ಬರೆದರೋ ಎಂದು ನೋಡುವುದು ನನ್ನ ಕೆಲಸ. ತಕ್ಕಡಿ ಮುಟ್ಟದೆ ತೂಕ ಬರೆದ ಒಬ್ಬಳನ್ನು ನಾನೇ ಕೆಲಸ ಬಿಡಿಸಿದ್ದೆ. ಹಾಗಾಗಿ ನನ್ನ ಬಗ್ಗೆ ಎಲ್ಲರಿಗೂ ಸ್ವಲ್ಪ ಹೆದರಿಕೆ ಇತ್ತು.

ಮೊದಲು ಎಲ್ಲವೂ ರಿಜಿಸ್ಟರಿನಲ್ಲಿತ್ತು. ಅದರಲ್ಲಿ ಒಂದು ತೊಡಕು. ಏಳನೇ ತಿಂಗಳಲ್ಲಿ ಕುಬಸ ಮಾಡಿ ಬಸುರಿಯನ್ನು ತವರಿಗೆ ಕಳಿಸುವುದು ನಮ್ಮ ಕಡೆಯ ರೂಢಿ. ಹೆಣ್ಣುಮಗಳು ತವರಿಗೆ ಹೋಗುತ್ತಾಳೆ, ಅವಳ ಆರು ತಿಂಗಳ ಲೆಕ್ಕ ಗಂಡನ ಊರಿನ ರಿಜಿಸ್ಟರಿನಲ್ಲೇ ಉಳಿಯುತ್ತದೆ. ತವರೂರಿನ ಕಾರ್ಯಕರ್ತೆ ಮತ್ತೆ ಒಂದರಿಂದ ಶುರು ಮಾಡಬೇಕು. ರಕ್ತ ಕಡಿಮೆಯಿದ್ದ ಒಬ್ಬಳ ವಿಷಯ ಹೀಗೇ ದಾಟಿ ಹೋಗಿ, ಹೆರಿಗೆಯ ದಿನ ಜೀವ ಉಳಿದದ್ದೇ ಹೆಚ್ಚಾಯಿತು. ಅದಕ್ಕೇ ನಮಗೆ ಆಪ್ ಮಾಡಿಕೊಡಲು ಬೆಂಗಳೂರಿನಿಂದ ಬಂದವರು ‘ನಿಮಗೆ ಏನು ಬೇಕು’ ಎಂದು ಕೇಳಿದಾಗ ನಾನೇ ಎದ್ದು ನಿಂತು ಹೇಳಿದೆ: “ಹೆಣ್ಣುಮಗಳು ಎಲ್ಲಿ ಹೋಗ್ತಾಳೋ ಆಕಿ ಕಾರ್ಡೂ ಆಕಿ ಹಿಂದ ಹೋಗಬೇಕ್ರಿ. ಹಳೇ ಊರಿನಾಕಿಗಿ, ಹೊಸಾ ಊರಿನಾಕಿಗಿ, ಮನಿಯವರಿಗಿ ಎಲ್ಲಾರಿಗೂ ಗೊತ್ತಾಗಬೇಕು.” ಅವರು ಅದನ್ನು ಹಾಗೇ ಮಾಡಿಕೊಟ್ಟರು. ಅದರ ಹೆಸರು ‘ವರ್ಗಾವಣೆ’. ಆಪ್ ಶುರುವಾದ ದಿನ ಈ ಉಪಾಯ ಹೇಳಿದ್ದಕ್ಕೆ ನನಗೆ ಶಾಲು ಹೊದಿಸಿದರು.

ಆಪ್ ಕೆಲಸ ಮಾಡುತ್ತಿದ್ದುದು ಹೀಗೆ. ಬಸುರಿಯ ಹೆಸರು, ಗಂಡನ ಹೆಸರು, ಒಂದು ಫೋನ್ ನಂಬರು ಹಾಕಿದರೆ ಅವಳ ಹೆಸರಿನಲ್ಲಿ ಒಂದು ಕಾರ್ಡು ತೆರೆಯುತ್ತದೆ. ನಂಬರು ಹಾಕದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬಹಳ ಹೆಣ್ಣುಮಕ್ಕಳಿಗೆ ಸ್ವಂತ ಫೋನಿಲ್ಲ. ಗಂಡನದೋ ಮಾವನದೋ ನಂಬರು ಹಾಕುತ್ತಿದ್ದೆವು. ಪ್ರತಿ ತೂಕದ ಮರುದಿನ ಆ ನಂಬರಿಗೆ ಕಾರ್ಡು ಹೋಗುತ್ತದೆ: ತೂಕ, ತೋಳಿನ ಅಳತೆ, ಗುಳಿಗೆ, ಒಂದು ಫೋಟೋ, ಮುಂದಿನ ತೂಕದ ದಿನ, ಹೊತ್ತು, ಕೇಂದ್ರದ ಹೆಸರು. ಎಲ್ಲಕ್ಕಿಂತ ಮೊದಲು ಒಂದು ಪುಟ ಬರುತ್ತಿತ್ತು. ಮಾಹಿತಿಯನ್ನು ಯಾರೊಂದಿಗೆ ಹಂಚಿಕೊಳ್ಳುತ್ತೇವೆ ಎಂದು ಸಣ್ಣ ಅಕ್ಷರದಲ್ಲಿ, ಕೊನೆಗೆ ‘ಓದಿದ್ದೇನೆ, ಒಪ್ಪಿದ್ದೇನೆ’ ಎಂಬ ಚೌಕ. ತರಬೇತಿಯಲ್ಲಿ ನಾನು ಹೇಳಿಕೊಟ್ಟದ್ದು ಇಷ್ಟೇ: “ಅದಕ್ಕೊಂದು ಟಿಕ್ ಹೊಡದು ಮುಂದ ಹೋಗ್ರಿ. ಬಿಸಲಾಗ ಬಸರಿ ಹೆಂಗಸನ್ನ ನಿಲ್ಲಿಸಿಕೊಂಡು ಪುರಾಣ ಓದಬ್ಯಾಡ್ರಿ.”

ಸುರೇಖಾ ಎಂದು ಇಲ್ಲಿ ಕರೆಯುತ್ತಿರುವ ಹುಡುಗಿಯ ಗಂಡನ ಊರು ಹಲಬರ್ಗಾದ ಆಚೆ. ಊರ ಹೆಸರು ಬರೆಯುವುದಿಲ್ಲ. ಇಲ್ಲಿರುವ ಯಾರ ಹೆಸರೂ ನಿಜವಲ್ಲ. ಅವಳಿಗೆ ಇಪ್ಪತ್ತೆರಡು ವರ್ಷ, ಚೊಚ್ಚಲ ಬಸುರಿ. ಗಂಡ ಅನಿಲ ಸಾಮಾನು ಸಾಗಿಸುವ ಟಂಟಂ ಓಡಿಸುತ್ತಿದ್ದ. ಆರನೇ ತಿಂಗಳು ತುಂಬಿದಾಗ ಒಂದು ಮಧ್ಯಾಹ್ನ ಅವಳು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟಳು. ತವರಿಗೆ ಹೋಗಲಿಲ್ಲ. ಹೋಗಿದ್ದರೆ ಸಂಜೆಯೊಳಗೆ ತವರಿನವರೇ ತಿರುಗಿ ಕಳಿಸುತ್ತಿದ್ದರು. ಹಿಂದೆ ಎರಡು ಸಲ ಹಾಗೇ ಆಗಿತ್ತು. ಅವಳು ಹೋದದ್ದು ಔರಾದದಲ್ಲಿ ಬಟ್ಟೆ ಹೊಲಿಯುತ್ತ ಒಬ್ಬರೇ ಇದ್ದ ಮೌಶಿಯ ಮನೆಗೆ. ಮೌಶಿ ಎಂದರೆ ತಾಯಿಯ ತಂಗಿ. ತವರಿನವರ ಸಂಗಡ ಮೌಶಿಗೆ ಹತ್ತು ವರ್ಷದಿಂದ ಮಾತಿರಲಿಲ್ಲ. ಆದ್ದರಿಂದ ಅಲ್ಲಿ ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಔರಾದದ ನಮ್ಮ ಕಾರ್ಯಕರ್ತೆ ಪ್ರಿಯಾಂಕಾ ಚುರುಕು ಹುಡುಗಿ. ಓಣಿಯಲ್ಲಿ ಹೊಸ ಬಸುರಿ ಕಂಡೊಡನೆ ಕೇಂದ್ರಕ್ಕೆ ಕರೆತಂದಳು. ತೋಳಿಗೆ ಪಟ್ಟಿ ಸುತ್ತಲು ಕುಪ್ಪಸದ ತೋಳು ಮೇಲೆ ಸರಿಸಿದಾಗ ನಾಲ್ಕು ಬೆರಳಿನ ನೀಲಿ ಗುರುತು ಕಂಡಿತು. ಆಪಿನಲ್ಲಿ ತೋಳಿನ ಅಳತೆ ಬರೆಯಲು ಜಾಗವಿತ್ತು, ತೋಳಿನ ಬಣ್ಣಕ್ಕೆ ಇರಲಿಲ್ಲ. ಪ್ರಿಯಾಂಕಾ ನನಗೆ ಫೋನ್ ಮಾಡಿದಳು. “ಮೇಡಂ, ಆಕಿ ಇಲ್ಲಿ ಇರೋದು ಗಂಡನ ಮನಿಯವರಿಗಿ ಗೊತ್ತಾಗಬಾರದಂತ್ರಿ. ಗೊತ್ತಾದ್ರ ಜೀವಂತ ಬಿಡಂಗಿಲ್ಲ ಅಂತಾಳ.” ನಾನು ಎಚ್ಚರಿಕೆ ಹೇಳಿದೆ: “ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮ ಅವ್ವನ ಮುಂದೂ.” ಅವಳು ಬಿಡಲಿಲ್ಲ. ನಾನೂ ಬಿಡಲಿಲ್ಲ.

ಆದರೆ ಅದೇ ದಿನ ಅವಳ ಹೆಸರು ಟೈಪ್ ಮಾಡಿದಾಗ ‘ಈ ತಾಯಿ ಈಗಾಗಲೇ ನೋಂದಣಿಯಾಗಿದ್ದಾರೆ, ವರ್ಗಾವಣೆ ಮಾಡಬೇಕೆ?’ ಎಂದು ಆಪ್ ಕೇಳಿತ್ತು. ನಾವು ಕಲಿಸಿದ ಹಾಗೆ ಪ್ರಿಯಾಂಕಾ ‘ಹೌದು’ ಒತ್ತಿದ್ದಳು. ಹಳೇ ಕಾರ್ಡು, ಹಳೇ ನಂಬರು, ಎಲ್ಲವೂ ಸುರೇಖಾಳ ಹಿಂದೆ ಔರಾದಕ್ಕೆ ಬಂದವು. ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆವು. ಆಪಿಗೂ ಬಾಯಿ ಇದೆ ಎಂಬುದು ನೆನಪಾಗಲಿಲ್ಲ.

ಆ ಗುರುವಾರ ಔರಾದದಲ್ಲಿ ತೂಕದ ದಿನ. ನಾನೂ ಅಲ್ಲಿಗೇ ಹೊರಟಿದ್ದೆ. ಎಂಟು ನಲವತ್ತಕ್ಕೆ ಬಸ್ಸಿನ ಹತ್ತಿರ ನಿಂತಿದ್ದಾಗ ಫೋನ್ ಬಂತು. ಸುರೇಖಾಳ ಗಂಡನ ಊರಿನ ಕಾರ್ಯಕರ್ತೆ ಕಸ್ತೂರಬಾಯಿ. ಐವತ್ತು ದಾಟಿದವರು, ಹದಿನೈದು ವರ್ಷದ ಕೆಲಸ, ಒಂದು ದಿನವೂ ಸುಳ್ಳು ತೂಕ ಬರೆದವರಲ್ಲ.

“ಮೇಡಂ, ಒಂದು ಖುಷಿ ಸುದ್ದಿ ಅದರಿ. ನಮ್ಮ ಅನಿಲನ ಹೆಂಡತಿ ಸಿಕ್ಕಾಳ.”

“ಎಲ್ಲಿ ಸಿಕ್ಕಾಳ್ರಿ?”

“ಆಪಿನ್ಯಾಗ್ರಿ! ನಾಳಿ ಮೀಟಿಂಗಿಗಿ ಅಂತ ನಿನ್ನಿ ಸಂಜಿಗಿ ಲಿಸ್ಟ ತೆಗಿಲತ್ತಿದ್ದೆ. ನೋಡ್ತೇನಿ, ಔರಾದಕ್ಕ ವರ್ಗ ಆಗ್ಯಾಳ. ತೂಕಾನೂ ಏರ್ಯಾದ. ಹೋಗಿ ಅವರ ಅತ್ತಿಗಿ ಹೇಳಿ ಬಂದೆ. ಪಾಪ, ತಿಂಗಳಾತು, ಮುದುಕಿ ಬರೋಬ್ಬರಿ ಉಂಡಿಲ್ಲ.”

“ಅನಿಲಗ?”

“ಅಂವ ಅಲ್ಲೇ ಇದ್ದ. ಫೋನ್ ತೆಗದು ನೋಡ್ದ. ಎಲ್ಲಾ ಮೆಸೇಜ್ ಬಂದಾವ, ಮಬ್ಬ ಒಂದೂ ತೆರದಿಲ್ಲ. ಇವತ್ತ ಹನ್ನೊಂದಕ್ಕ ಔರಾದ ಕೇಂದ್ರದಾಗ ತೂಕ ಅಂತ ಅದರಾಗೇ ಬರದದ. ಈಗ ಗೆಳೆಯಾನ ಗಾಡಿ ಮ್ಯಾಲ ಕರಕೊಂಡು ಬರ್ಲಿಕ್ಕ ಹೊಂಟಾನ್ರಿ. ನಮ್ಮ ಆಪ್ ಭಾಳ ಚೊಲೊ ಅದ ನೋಡ್ರಿ ಮೇಡಂ, ಮುರದ ಮನಿ ಕೂಡಿಸ್ತು.”

ಕಸ್ತೂರಬಾಯಿಯವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸೊಸೆಯ ಸುದ್ದಿ ಮನೆಯವರ ಸ್ವತ್ತು ಎಂದು ತಿಳಿದು ಬೆಳೆದವರು ಅವರು. ‘ಮನಿಯವರಿಗಿ ಗೊತ್ತಾಗಬೇಕು’ ಎಂದು ಎದ್ದು ನಿಂತು ಹೇಳಿದವಳು ನಾನೇ ಅಲ್ಲವೆ?

ಲೆಕ್ಕ ಹಾಕಿದೆ. ಅವನ ಊರಿನಿಂದ ಭಾಲ್ಕಿ ಹಾದು ಔರಾದ, ಮೋಟರ್ ಸೈಕಲ್ಲಿಗೆ ಹೆಚ್ಚೆಂದರೆ ಎರಡು ತಾಸು. ಹತ್ತೂವರೆಗೆ ಅವನು ಕೇಂದ್ರದ ಬಾಗಿಲಲ್ಲಿರುತ್ತಾನೆ. ನನ್ನ ಬಸ್ಸು ಆ ಹೊತ್ತಿಗೆ ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. ಪ್ರಿಯಾಂಕಾಳಿಗೆ ಫೋನ್ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ತೂಕದ ದಿನ ಬೆಳಿಗ್ಗೆ ಅವಳು ದೂರದ ತಾಂಡಾದಿಂದ ತಕ್ಕಡಿ ತರಲು ಹೋಗುತ್ತಾಳೆ, ಅಲ್ಲಿ ಸಿಗ್ನಲ್ ಇಲ್ಲ. ಸುರೇಖಾಳಿಗೆ ಫೋನಿಲ್ಲ. ಮೌಶಿಯ ನಂಬರು ನನ್ನ ಹತ್ತಿರ ಇಲ್ಲ.

ಮಹಿಳೆಯರ ಸಹಾಯ ಕೇಂದ್ರವೊಂದು ಬೀದರದಲ್ಲಿತ್ತು, ಅಲ್ಲಿಗೆ ಮಾಡಿದೆ. ಒಬ್ಬ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, “ಇಲ್ಲಿಗಿ ಕರಕೊಂಡು ಬರ್ರಿ, ನಾವು ನೋಡ್ಕೋತೇವಿ. ಆದ್ರ ಆಕೀನ್ನ ಕೇಳೀರೇನ್ರಿ? ಆಕಿ ಬರ್ತೇನಿ ಅಂದ್ರ ಅಷ್ಟೇ” ಎಂದರು. ಕೇಳುವುದಕ್ಕೇ ದಾರಿಯಿರಲಿಲ್ಲ.

ಒಂಬತ್ತಕ್ಕೆ ಆಪಿನ ಸಹಾಯವಾಣಿ ತೆರೆಯಿತು. ಬೆಂಗಳೂರಿನ ಒಬ್ಬ ಹುಡುಗ.

“ಮೇಡಂ, ರೆಕಾರ್ಡ್ ಡಿಲೀಟ್ ಮಾಡೋ ಆಪ್ಷನ್ ಇಲ್ಲ.”

“ಡಿಲೀಟ್ ಬ್ಯಾಡಪ್ಪಾ. ಫೋನ್ ನಂಬರ ಬದಲು ಮಾಡು.”

“ಅದು ಮಾಡಬಹುದು ಮೇಡಂ. ಹಳೇ ನಂಬರ್‌ಗೆ ಒಂದು ಓಟಿಪಿ ಹೋಗತ್ತೆ, ಅದನ್ನ ಹೇಳಿದ್ರೆ ಆಯ್ತು.”

“ಹಳೇ ನಂಬರ ಯಾರ ಹತ್ರ ಅದ ಗೊತ್ತದೇನು? ಆಕೀನ್ನ ಹೊಡದಾಂವನ ಹತ್ರ.”

“ಸೆಕ್ಯೂರಿಟಿಗೋಸ್ಕರ ಹಾಗಿದೆ ಮೇಡಂ. ಬೇರೆ ಯಾರೂ ನಂಬರ್ ಬದಲಾಯಿಸಬಾರದು ಅಂತ. ಮೇಲಿನವರಿಗೆ ಕಳಿಸ್ತೀನಿ. ಎರಡು ದಿನ ಆಗತ್ತೆ.” ಅವನ ದನಿ ಇಳಿದಿತ್ತು. ಅವನದೇನು ತಪ್ಪು? ಅವನೂ ಕಲಿಸಿದ್ದನ್ನು ಹೇಳುತ್ತಿದ್ದ.

ನನ್ನ ಮೇಲ್ವಿಚಾರಕಿ ಲಾಗಿನ್ನಿನಲ್ಲಿ ತಕ್ಷಣ ಆಗುವ ಕೆಲಸ ಒಂದೇ ಇತ್ತು: ತೂಕದ ಸ್ಥಳ ಬದಲಾಯಿಸುವುದು. ಕೇಂದ್ರದ ಬೀಗ ಕಳೆದಾಗ, ದಾರಿ ಕೆಟ್ಟಾಗ ಅದನ್ನು ಬಳಸುತ್ತಿದ್ದೆವು. ಬದಲಾಯಿಸಿದ ಕೂಡಲೇ ಕಾರ್ಡಿನ ನಂಬರಿಗೆ ಸುದ್ದಿ ಹೋಗುತ್ತದೆ. ನಾನು ಸುರೇಖಾಳ ಕಾರ್ಡು ತೆರೆದೆ. ಔರಾದ ಅಳಿಸಿ ‘ಭಾಲ್ಕಿ ಕಚೇರಿ, ಮಧ್ಯಾಹ್ನ 12’ ಎಂದು ಬರೆದೆ. ಸುಳ್ಳು ತೂಕ ಬರೆದವಳನ್ನು ಮನೆಗೆ ಕಳಿಸಿದ ಕೈ ಅದು. ಒಂಬತ್ತು ಹನ್ನೆರಡಕ್ಕೆ ಒತ್ತಿದೆ.

ಸುದ್ದಿಯನ್ನು ಮನೆಯವರು ಓದಿದರೋ ಇಲ್ಲವೋ ಎಂದು ನಮಗೆ ಕಾಣುತ್ತಿತ್ತು. ಮೊದಲು ‘ತಲುಪಿದೆ’ ಎಂದು ಬೂದು ಬಣ್ಣದಲ್ಲಿ, ಓದಿದ ಮೇಲೆ ‘ತೆರೆಯಲಾಗಿದೆ’ ಎಂದು ಹಸಿರಿನಲ್ಲಿ. ತಲುಪಿತು. ತೆರೆಯಲಿಲ್ಲ. ಗಾಡಿಯ ಹಿಂದೆ ಕೂತವನು ಕಿಸೆಯಿಂದ ಫೋನ್ ಯಾಕೆ ತೆಗೆದಾನು? ಎಡಕ್ಕೆ ಔರಾದ ಬಸ್ಸು, ಬಲಕ್ಕೆ ಭಾಲ್ಕಿ ಬಸ್ಸು. ಔರಾದ ಬಸ್ಸಿನ ಕಂಡಕ್ಟರ್ ಎರಡು ಸಲ ಕರೆದ: “ಮೇಡಂ, ಬರ್ತೀರೋ ಇಲ್ರಿ? ದಿನಾ ಸೀಟಿಗಿ ಜಗಳ ಮಾಡ್ತೀರಿ, ಇವತ್ತ ಖಾಲಿ ಅದ ನಿಂತೇ ಇದ್ದೀರಿ.” ಬಸ್ಸು ಹೋಯಿತು. ನಾನು ಬೂದು ಅಕ್ಷರ ನೋಡುತ್ತ ನಿಂತಿದ್ದೆ. ಅವನು ಅವಳನ್ನು ಯಾವ ಕಿಂಡಿಯಿಂದ ನೋಡುತ್ತಿದ್ದನೋ ಅದೇ ಕಿಂಡಿಯಿಂದ ನಾನು ಅವನನ್ನು ನೋಡುತ್ತಿದ್ದೆ. ಆಗ ಅದು ಹೊಳೆಯಲಿಲ್ಲ.

ಒಂಬತ್ತು ಮೂವತ್ನಾಲ್ಕಕ್ಕೆ ಹಸಿರಾಯಿತು. ಓಡಿ ಭಾಲ್ಕಿ ಬಸ್ಸು ಹತ್ತಿದೆ. ಅವನು ಭಾಲ್ಕಿಗೆ ಬಂದರೆ ಅಲ್ಲಿ ನಾನಿರಬೇಕು.

ಪ್ರಿಯಾಂಕಾ ಸಿಕ್ಕಿದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಹೇಳುವುದನ್ನೆಲ್ಲ ಹೇಳಿದೆ. “ಹೋಗಿ ಸುರೇಖಾನ್ನ ಕೇಳು. ಬೀದರಕ್ಕ ಸಹಾಯ ಕೇಂದ್ರಕ್ಕ ಬರ್ತೀಯೇನು ಅಂತ. ಹೂಂ ಅಂದ್ರ ಸಂತಪುರ ಮ್ಯಾಲಿನ ಬಸ್ಸಿಗಿ ಕೂಡ್ರಿ. ಭಾಲ್ಕಿ ರೋಡಿಗಿ ಹೋಗಬ್ಯಾಡ.”

“ತೂಕ ಮಾಡಿ ಕರಕೊಂಡು ಹೋಗ್ಲೇನ್ರಿ ಮೇಡಂ? ಇವತ್ತಿಂದು ಬಾಕಿ ಉಳೀತದ.”

“ತೂಕ ಬೆಂಕ್ಯಾಗ ಹೋಗ್ಲಿ ಪ್ರಿಯಾಂಕಾ!”

ಹದಿನೈದು ನಿಮಿಷದಲ್ಲಿ ತಿರುಗಿ ಮಾಡಿದಳು. ಸುರೇಖಾ ಒಂದೇ ಮಾತಿಗೆ ಹೂಂ ಅಂದಿದ್ದಳು. ಮೌಶಿ ಮಾತ್ರ ಬರಲು ಒಪ್ಪಲಿಲ್ಲವಂತೆ. “ನಾ ಯಾಕ ಓಡಿ ಹೋಗ್ಲಿ? ಬರ್ಲಿ ಬೇಕಾದ್ರ ಅಂವ. ಬಟ್ಟಿ ಕತ್ರಸೋ ಕತ್ರಿ ಅದ ನನ್ನ ಹತ್ರ, ಅಳತಿ ತಗೋತೇನಿ” ಎಂದು ಮಷೀನಿನ ಮುಂದೆ ಕೂತರಂತೆ.

ಭಾಲ್ಕಿಯ ನಮ್ಮ ಕಚೇರಿ ರೈಲು ನಿಲ್ದಾಣದ ದಾರಿಯಲ್ಲಿ ಎರಡು ಕೋಣೆಯ ಮನೆ. ನಾನು ಮುಟ್ಟಿದಾಗ ಹತ್ತು ಐವತ್ತು. ಜವಾನ ಜಗದೇವಪ್ಪ ಬಾಗಿಲ ಹೊರಗೇ ತಡೆದು ಪಿಸುಗುಟ್ಟಿದರು. “ಒಬ್ಬಾಂವ ಆಗಲೇ ಬಂದು ಕುಂತಾನ್ರಿ. ಹೆಂಡತಿ ತೂಕ ಅದ ಅಂತಾನ. ಹೆಂಡತಿ ಇಲ್ಲದೇ ತೂಕ ಹ್ಯಾಂಗ ಮಾಡ್ತೀರಿ?”

“ಕಾಕಾ, ನೀವು ಬಾಗಲಾಗೇ ಕುಂದರ್ರಿ. ಎಲ್ಲೂ ಹೋಗಬ್ಯಾಡ್ರಿ.”

ಅವರು ನನ್ನ ಮುಖ ನೋಡಿದರು. ಮತ್ತೇನೂ ಕೇಳದೆ ಕಸಬರಿಗೆಯನ್ನು ಮಗ್ಗುಲಿಗೆ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತರು.

ಅನಿಲ ಎದ್ದು ನಿಂತು ನಮಸ್ಕಾರ ಮಾಡಿದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ. ರಸ್ತೆಯಾಚೆ ಗಾಡಿಯ ಮೇಲೆ ಅವನ ಗೆಳೆಯ. ನೋಡಿದರೆ ಹೊಡೆಯುವವನೆಂದು ಹೇಳಲಾಗದು. ಹೊಡೆಯುವವರನ್ನು ನೋಡಿ ಹೇಳಲಾಗುವುದಿಲ್ಲ ಎಂಬುದನ್ನೂ ಈ ಕೆಲಸವೇ ಕಲಿಸಿದೆ.

“ಹನ್ನೆರಡಕ್ಕ ಇನ್ನೂ ಟೈಮ್ ಅದ. ಕೂಡ್ರಿ. ಅಲ್ಲಿತನಕ ಕೂಸಿನ ತಂದೀದು ಒಂದು ಫಾರ್ಮ್ ಅದ, ತುಂಬೋಣ” ಎಂದೆ. ಸುರೇಖಾ ಬೀದರ ಮುಟ್ಟುವತನಕ ಇವನು ಇಲ್ಲಿಂದ ಏಳಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಆಪ್ ಬರುವ ಮೊದಲಿನ ಕಾಗದದ ಫಾರ್ಮುಗಳು ಕಪಾಟಿನಲ್ಲಿ ಉಳಿದಿದ್ದವು. ಒಂದನ್ನು ತೆಗೆದು ಧೂಳು ಕೊಡವಿದೆ. ನಿಧಾನಕ್ಕೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹೆಸರು, ವಯಸ್ಸು, ಓದು, ರಕ್ತದ ಗುಂಪು. ಪೆನ್ನಿನ ಶಾಯಿ ಮುಗಿಯಿತೆಂದು ಇನ್ನೊಂದು ಹುಡುಕಿದೆ. ಚಹಾ ತರಿಸಿದೆ. ಹನ್ನೊಂದೂವರೆ ಆಯಿತು.

“ತಂಬಾಕು?”

“ಒಮ್ಮೊಮ್ಮೆ.”

“ಕುಡಿಯೋದು?”

“ಒಮ್ಮೊಮ್ಮೆ ರೀ.”

“ವಾರಕ್ಕ ಎಷ್ಟು ದಿನ ಅಂತ ಅದ ಇಲ್ಲಿ.”

“ಇದ್ಯಾಕ ಬೇಕ್ರಿ ನಿಮಗ?”

“ಫಾರ್ಮಿನ್ಯಾಗ ಅದ.” ಕೆಳಗಿನ ಸಾಲನ್ನು ನಾನು ಓದಲೇಬೇಕಾಯಿತು. “ಸಿಟ್ಟಿನಾಗ ಹೆಂಡತಿ ಮ್ಯಾಲ ಕೈ ಮಾಡೀರೇನು? ಹೌದು, ಇಲ್ಲ.”

ಅವನು ಕುರ್ಚಿ ಹಿಂದೆ ಸರಿಸಿದ. “ಇದು ನಮ್ಮ ಮನಿ ಮಾತು. ಇದೆಲ್ಲಾ ಯಾರ್ಯಾರಿಗಿ ಹೋಗ್ತದ್ರಿ? ಯಾರು ನೋಡ್ತಾರ ಇದನ್ನ?”

ನನ್ನ ಪೆನ್ನು ನಿಂತಿತು. ಇಷ್ಟು ವರ್ಷದಲ್ಲಿ ಸಾವಿರಾರು ಫಾರ್ಮು ತುಂಬಿಸಿದ್ದೇನೆ. ಯಾವ ಹೆಣ್ಣುಮಗಳೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಬಹುದು ಎಂದು ನಾವೂ ಹೇಳಿರಲಿಲ್ಲ.

ಹನ್ನೆರಡಾಯಿತು. ಅವನು ಬಾಗಿಲಿಗೆ ಹೋಗಿ ಬಂದ. ಹನ್ನೆರಡೂಕಾಲಿಗೆ ಮತ್ತೆ ಹೋಗಿ ಬಂದ. “ಎಲ್ಲಿ ಆಕಿ?” ಎಂದು ಕೇಳಿದ ದನಿಯಲ್ಲಿ ‘ರಿ’ ಇರಲಿಲ್ಲ. ಮೇಜಿನ ಮೇಲೆ ನೇತುಹಾಕಿದ್ದ ಕೂಸಿನ ತಕ್ಕಡಿಯನ್ನು ಒಂದು ಕೈಯಲ್ಲಿ ನೂಕಿದ. ಅದು ಗೋಡೆಗೆ ಬಡಿದು ತೊಟ್ಟಿಲಿನಂತೆ ತೂಗಾಡಿತು. ಹೊಸ್ತಿಲಲ್ಲಿ ಜಗದೇವಪ್ಪ ಕೆಮ್ಮಿದರು. ಆಗ ನನ್ನ ಫೋನ್ ಗುಂಯ್‌ಗುಟ್ಟಿತು. ಪ್ರಿಯಾಂಕಾಳ ಸಂದೇಶ: ‘ಮುಟ್ಟಿದೆವು. ಒಳಗೆ ಕೂತಿದ್ದೇವೆ.’

ಎದ್ದು ನಿಂತು ಹೇಳಿದೆ. “ಆಕಿ ಬರಂಗಿಲ್ಲ ಅನಿಲ. ಇಲ್ಲಿ ಬಾ ಅಂತ ಮೆಸೇಜ್ ಕಳಿಸಿದಾಕಿ ನಾನು. ಅದು ಸುಳ್ಳು.”

ಅವನು ಮುಂದೆ ಬಂದ. ಹೊಡೆದೇ ಬಿಡುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ, ಫೋನನ್ನು ನನ್ನ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದ. “ಕಳ್ಳನಂಗ ನೋಡಬ್ಯಾಡ ನನ್ನ. ನಾ ಯಾರನ್ನೂ ಹುಡುಕ್ಯಾಡಿಲ್ಲ. ನಿಮ್ಮ ಆಪೇ ಹೇಳ್ಯಾದ. ನೋಡು! ನಮ್ಮ ಮನ್ಯಾಗ ಮೂರು ತಿಂಗಳು ಪಾವ್ ಕಿಲೋ ಏರಲಿಲ್ಲ. ಅಲ್ಲಿ ಹೋಗಿ ತಿಂಗಳಾಗ ದೀಡ ಕಿಲೋ ಏರ್ಯಾಳ. ಕಸ್ತೂರಬಾಯಿ ಇದನ್ನ ಊರೆಲ್ಲಾ ಹೇಳ್ಯಾಳ. ನನಗ ಮಾರಿ ಅನ್ನೋದು ಅದನೋ ಇಲ್ಲೋ?”

ಪರದೆಯ ಮೇಲೆ ನಮ್ಮದೇ ಅಂಕಿಗಳು. 45.6, 45.6, 45.7. ಆಮೇಲೆ ಔರಾದದ್ದು, 47.2. ಪಕ್ಕದಲ್ಲಿ ಅವಳ ಫೋಟೋ. ತೂಕ ಏರಿದರೆ ಹಸಿರು ಬಾಣ ಬರುವಂತೆ ಮಾಡಿಸಿದ್ದೆವು. ಬಾಣ ಮೇಲೆ ನೋಡುತ್ತಿತ್ತು.

“ಏಳ್ರಿ ತಮ್ಮಾ, ಆಫೀಸ್ ಮುಚ್ಚೋ ಹೊತ್ತಾತು” ಎಂದು ಜಗದೇವಪ್ಪ ಕಸಬರಿಗೆ ಹಿಡಿದೇ ಒಳಗೆ ಬಂದರು. ಹಾಡುಹಗಲು ಹನ್ನೆರಡೂವರೆ. ಅನಿಲ ನಮ್ಮಿಬ್ಬರನ್ನೂ ನೋಡಿದ. “ಸುಳ್ಳು ಮೆಸೇಜ್ ಕಳಿಸೀರಿ ಅಂತ ಕಂಪ್ಲೇಂಟ್ ಕೊಡ್ತೇನಿ” ಎಂದು ಹೊರಗೆ ಹೋದ. ಹೋಗುವಾಗ ಅರ್ಧ ತುಂಬಿದ ಫಾರ್ಮನ್ನು ಮರೆಯದೆ ಎತ್ತಿಕೊಂಡು ಹೋದ. ಅದನ್ನು ಕೊಡುವುದಿಲ್ಲ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ.

ಬೀದರದ ಸಹಾಯ ಕೇಂದ್ರಕ್ಕೆ ನಾನು ಮುಟ್ಟಿದಾಗ ಮೂರು ಗಂಟೆ. ಸುರೇಖಾ ಬೆಂಚಿನ ತುದಿಯಲ್ಲಿ ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕೂತಿದ್ದಳು. ನನಗಿಂತ ಮೊದಲು ಬೇರೆಯವರಿಂದ ಅವಳಿಗೆ ತಿಳಿಯಬಾರದೆಂದು ಎಲ್ಲವನ್ನೂ ಹೇಳಿದೆ. ಕಾರ್ಡು ಹಿಂದೆ ಹೋಗಬೇಕೆಂದು ಕೇಳಿದವಳು ನಾನು, ಟಿಕ್ ಹೊಡೆಯಿರಿ ಎಂದು ಕಲಿಸಿದವಳೂ ನಾನು ಎಂದೆ.

“ಹಂಗಾದ್ರ ನಾ ನುಂಗಿದ ಗುಳಿಗಿ ಲೆಕ್ಕಾನೂ ಅವನಿಗಿ ಹೋಗ್ತಿತ್ತೇನ್ರಿ?”

“ಹೌದವ್ವಾ.”

“ಫೋಟೋನೂ?”

“ಹೌದು.”

“ಆ ಫೋಟೋದಾಗ ನಾ ನಕ್ಕಿದ್ದೆ ರೀ” ಎಂದಳು. “ಪ್ರಿಯಾಂಕಾ ಅಕ್ಕ ಏನೋ ಚಾಷ್ಟಿ ಮಾಡಿ ನಗಿಸಿದ್ರು. ಅದನ್ನೂ ನೋಡ್ಯಾನ.”

ಅವಳು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಅನಿಲ ಹೇಳಿದಂತೆ ದೂರು ಕೊಟ್ಟ. ಸಂಸ್ಥೆಯವರು ವಿವರಣೆ ಕೇಳಿದರು. ಸುಳ್ಳು ನಮೂದು ನಾನೇ ಮಾಡಿದ್ದು, ಕಾರಣ ಇದು, ಎಂದು ಎರಡು ಪುಟ ಬರೆದುಕೊಟ್ಟೆ. ಒಂದು ತಿಂಗಳು ನನ್ನ ಲಾಗಿನ್ ತೆಗೆದರು, ಅದು ನ್ಯಾಯವೇ. ಅದೇ ಪತ್ರದಲ್ಲಿ ಆಪಿನಲ್ಲಿ ಏನೇನು ಬದಲಾಗಬೇಕೆಂದೂ ಬರೆದಿದ್ದೆ. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಈಗ ವರ್ಗಾವಣೆಯಾದಾಗ ಹಳೇ ನಂಬರು ಹಿಂದೆ ಬರುವುದಿಲ್ಲ. ಅವಳ ಹತ್ತಿರ ಹೊಸದಾಗಿ ಕೇಳಬೇಕು. ನಂಬರಿಲ್ಲದೆಯೂ ಕಾರ್ಡು ತೆರೆಯುತ್ತದೆ. ಹಳೇ ಊರಿನ ಕಾರ್ಯಕರ್ತೆಗೆ ‘ಬೇರೆಡೆ ಆರೈಕೆಯಲ್ಲಿದ್ದಾರೆ’ ಎಂದಷ್ಟೇ ಕಾಣುತ್ತದೆ. ಫೋಟೋ ಯಾರಿಗೂ ಹೋಗುವುದಿಲ್ಲ. ಆದರೆ ಈಗಾಗಲೇ ಹೋದದ್ದು ಹೋಯಿತು. ಅನಿಲನ ಫೋನಿನಲ್ಲಿರುವ ಆ ನಗುವನ್ನು ತಿರುಗಿ ತರುವ ಗುಂಡಿ ಯಾವ ಆಪಿನಲ್ಲೂ ಇಲ್ಲ. ಕಸ್ತೂರಬಾಯಿ ವಿಷಯ ತಿಳಿದ ದಿನ ನನ್ನ ಮುಂದೆ ಕೂತು ಅತ್ತರು. “ನಾ ಒಳ್ಳೇದಕ್ಕ ಹೇಳಿದ್ದೆ ಮೇಡಂ” ಎಂದರು. ನಾನೂ ಒಳ್ಳೆಯದಕ್ಕೇ ಹೇಳಿದ್ದೆ ಎಂದೆ.

ಸುರೇಖಾಳಿಗೆ ಎರಡು ಕಿಲೋ ಆರುನೂರು ಗ್ರಾಮಿನ ಹೆಣ್ಣು ಮಗು ಹುಟ್ಟಿತು. ಅವರೀಗ ಎಲ್ಲಿದ್ದಾರೆಂದು ನಾನು ಬರೆಯುವುದಿಲ್ಲ. ಅವಳ ಲೆಕ್ಕವನ್ನು ಅವಳೇ ಇಟ್ಟುಕೊಂಡ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು.

ಈ ಕೆಲಸ ನನಗೆ ಕಲಿಸಿದ್ದನ್ನು ತರಬೇತಿಯಲ್ಲಿ ಈಗ ಹೀಗೆ ಹೇಳುತ್ತೇನೆ. ಒಬ್ಬ ಹೆಂಗಸಿನ ತೂಕ ಬರೀ ತೂಕವಲ್ಲ; ಅವಳು ಎಲ್ಲಿದ್ದಾಳೆ, ಯಾರ ಕೈಯ ಅನ್ನ ಅವಳಿಗೆ ಹಿಡಿಸಿತು, ಎಲ್ಲವೂ ಅದರಲ್ಲಿದೆ. ‘ಒಪ್ಪಿದ್ದೇನೆ’ ಎಂಬ ಚೌಕಕ್ಕೆ ಟಿಕ್ ಹೊಡೆಯುವ ಮೊದಲು ಮನೆಯವರು ದೂರವಿದ್ದಾಗ ಅವಳನ್ನು ಒಂದು ಮಾತು ಕೇಳಿರಿ: ಇದು ಯಾರಿಗೆ ತಿಳಿಯಬಾರದು? ಉತ್ತರ ಕೊಡಲು ಅವಳು ಹೊತ್ತು ತೆಗೆದುಕೊಂಡರೆ ಬಿಸಿಲಲ್ಲಾದರೂ ನಿಲ್ಲಿರಿ.

ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ಅದೇ ಗುರುವಾರ ಸಂಜೆ. ಸುರೇಖಾಳ ಹೇಳಿಕೆ ಬರೆದುಕೊಂಡ ಮೇಲೆ ಸಹಾಯ ಕೇಂದ್ರದವರು ಅಲ್ಲೇ ಕೋಣೆ ಕೊಡುತ್ತೇವೆಂದರು. ಹೊಸ ಜಾಗದಲ್ಲಿ ಒಬ್ಬಳೇ ಮಲಗಲು ಹೆದರಿಕೆ ಎಂದಳು. ಆ ರಾತ್ರಿಯ ಮಟ್ಟಿಗೆ ನಮ್ಮ ಮನೆಗೆ ಬರುವೆಯಾ ಎಂದು ಕೇಳಿದೆ, ಹೂಂ ಎಂದಳು. ಕೇಂದ್ರದವರು ನನ್ನ ಹೆಸರು ಬರೆದುಕೊಂಡು ಕಳಿಸಿದರು.

“ಯಾರಿಗಿ ಹೇಳಲಿ ನೀ ಇಲ್ಲಿದ್ದಿ ಅಂತ?”

“ಮೌಶಿಗಿ ಅಷ್ಟೇ.”

“ನಿಮ್ಮ ಅವ್ವಗ?”

“ಬ್ಯಾಡ್ರಿ. ಕೇಳಿದವರಿಗೆಲ್ಲಾ ಹೇಳ್ತಾಳ.” ಕಣ್ಣು ಒರೆಸಿಕೊಂಡಳು. “ಕೆಟ್ಟಾಕಿ ಅಲ್ಲ ಆಕಿ.”

ನಮ್ಮ ಅತ್ತೆಯವರು ಬಾಗಿಲಲ್ಲೇ ಹಿಡಿದರು. “ಯಾರ ಮಗಳವ್ವಾ ಈಕಿ? ಯಾವೂರು? ಎಷ್ಟನೇ ತಿಂಗಳು?”

“ಊಟಕ್ಕ ಬಂದಾಳ್ರಿ ಅತ್ತಿ” ಎಂದೆ.

“ಊಟಕ್ಕ ಬಂದಾಕಿಗಿ ಹೆಸರಿಲ್ಲೇನು?”

“ಅದ. ಆಕಿಗಿ ಹೇಳಬೇಕನಿಸಿದ್ರ ಆಕೀನೇ ಹೇಳ್ತಾಳ.”

ಪುಂಡಿಪಲ್ಯ, ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸುರೇಖಾ ಮೂರು ರೊಟ್ಟಿ ಉಂಡಳು. ನಾಲ್ಕನೆಯದನ್ನು ಅರ್ಧ ಮುರಿದು ನನ್ನ ಮುಖ ನೋಡಿದಳು; ಪೂರ್ತಿ ಹಾಕಿದೆ. ಎಷ್ಟು ಉಂಡಳೆಂದು ದಿನಚರಿಯಲ್ಲಿ ಬರೆಯಲೇ ಎಂದು ಕೇಳಿದೆ. ಆ ದಿನ ಮೊದಲ ಸಲ ನಕ್ಕು, ಬರೀರಿ ಎಂದಳು. ಎಂಟೂವರೆಗೆ, ನಾನು ಹಾಸಿಗೆ ಕೊಡವಿ ಮುಗಿಸುವಷ್ಟರಲ್ಲಿ, ಗೋಡೆಗೆ ಒರಗಿದವಳು ಅಲ್ಲೇ ನಿದ್ದೆ ಹೋಗಿದ್ದಳು. ಆಮೇಲೆ ನಮ್ಮ ಮನೆಯವರು, ಆಮೇಲೆ ನಾನು. ಎಲ್ಲರಿಗಿಂತ ಕೊನೆಗೆ ಮಲಗಿದ್ದು ಅತ್ತೆಯವರು. ಹೆಸರು ಗೊತ್ತಾಗದೆ ಅವರಿಗೆ ನಿದ್ದೆ ಹತ್ತಲಿಲ್ಲ.